ಸ್ವಾತಿ ಕಳೆದ ಮೇಲೆ ಅಟ್ಟಕ್ಕೆ

ನಮ್ಮ ಸೀಮೆಯಲ್ಲಿ ಅಡಿಕೆಗೆ ಲೆಕ್ಕವಿದೆ, ಭತ್ತಕ್ಕೂ ಇದೆ. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕ ‘ಶಿಸ್ತು’ ಕಟ್ಟಿದಾಗ ಗದ್ದೆಯ ನೆಲವನ್ನು ಐದು ತರಗತಿ ಮಾಡಿದ, ತೋಟಕ್ಕೆ ಸಾವಿರ ಮರಕ್ಕೆ ಇಷ್ಟು ಎಂದು ಕಂದಾಯ ಗೊತ್ತುಮಾಡಿದ. ಆಮೇಲಿನ ಕಾಲದ ಮನೆಮನೆಯ ಕಡತಗಳನ್ನು ಬಿಚ್ಚಿದರೂ ಅದೇ ಕಥೆ. ಎಷ್ಟು ಮಣ ಅಡಿಕೆ ಮಂಡಿಗೆ ಹೋಯಿತು, ಎಷ್ಟು ಖಂಡುಗ ಭತ್ತ ಕಣಜ ಸೇರಿತು, ಯಾರ ಗೇಣಿ ಎಷ್ಟು ಬಾಕಿ. ನಮ್ಮ ಮನೆಯ ಕಡತದಲ್ಲಿ ಹಿತ್ತಲ ಬೇಲಿಯ ಮೇಲೆ ಬೆಳೆದ ಬೂದುಗುಂಬಳದ ಬಗ್ಗೆ ಒಂದು ಸಾಲೂ ಇಲ್ಲ. ಅದು ಪೇಟೆಗೆ ಹೋಗುತ್ತಿರಲಿಲ್ಲ, ಹಣ ತರುತ್ತಿರಲಿಲ್ಲ. ಬಿತ್ತಿದವರು, ಕೊಯ್ದವರು, ಕಟ್ಟಿಟ್ಟವರು ಎಲ್ಲ ಹೆಂಗಸರು. ಬರೆಯುವ ಕೈ ಜಗಲಿಯ ಮೇಲಿತ್ತು, ಬೆಳೆಯುವ ಕೈ ಹಿತ್ತಲಲ್ಲಿತ್ತು.

ಆದರೆ ಜ್ಯೇಷ್ಠದಿಂದ ಶ್ರಾವಣದವರೆಗೆ ಜಡಿಮಳೆ ಹಿಡಿದು, ಹಳ್ಳ ತುಂಬಿ, ಸಂತೆಗೆ ಹೋಗುವ ದಾರಿ ಮುಚ್ಚಿಹೋದಾಗ ಹತ್ತಿಪ್ಪತ್ತು ಜನರ ಕೂಡುಕುಟುಂಬಕ್ಕೆ ಊಟಕ್ಕೆ ಕೂಡಿಕೊಳ್ಳಲು ಏನಿತ್ತು? ಹಿಂದಿನ ವರ್ಷದ ಶರತ್ಕಾಲದಲ್ಲಿ ಅಟ್ಟ ಹತ್ತಿಸಿದ್ದ ಕಾಯಿಗಳಿದ್ದವು. ಮಲೆನಾಡಿನ ಸಂಸಾರ ಮಳೆಗಾಲ ದಾಟಿದ್ದು ಆ ಅಟ್ಟದ ಬಲದಿಂದ. ಸಾಗರ, ಸೊರಬ, ಸಿದ್ದಾಪುರ, ಶಿರಸಿಯ ಊರುಗಳಲ್ಲಿ ಇದು ನೂರಾರು ವರ್ಷ ನಡೆದು ಬಂದ ವಿದ್ಯೆ. ಕಾಗದದಲ್ಲಿ ಸಿಗದ ಈ ವಿದ್ಯೆಯ ಚರಿತ್ರೆಯನ್ನು ಬೇರೆ ಕಡೆ ಹುಡುಕಬೇಕು. ಮನೆಯ ಮಾಡಿನಲ್ಲಿ, ತಿಥಿಯ ಎಲೆಯ ಮೇಲೆ, ಗದ್ದೆಗೆ ಚರಗದ ಎಡೆ ಬೀರುವ ಹಾಳಿಯಲ್ಲಿ ಅಂದರೆ ಬದುವಿನಲ್ಲಿ, ಸಿಪ್ಪೆಯನ್ನೂ ಬಿಡದ ಅಡುಗೆಗಳಲ್ಲಿ ಅದು ಸಿಗುತ್ತದೆ. ನಾನು ಸಾಗರ ಸೊರಬಗಳ ನಡುವಿನ ಒಂದು ಹಳ್ಳಿಯವಳು. ನಮ್ಮದು ಚಿಕ್ಕ ತೋಟ, ಒಂದು ತುಂಡು ಗದ್ದೆ, ಮನೆಯ ಹಿಂದೆ ಹಕ್ಕಲು. ಹುಡುಕಾಟಕ್ಕೆ ಅಷ್ಟು ಸಾಕು.

ಪುಸ್ತಕಗಳು ಇಲ್ಲವೆಂದಲ್ಲ. 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ಅಂತರ್ಜಲ, ಗಿಡಮರಗಳ ಆರೈಕೆಯ ಜೊತೆಗೆ ಅಡುಗೆಗೂ ಒಂದು ಅಧ್ಯಾಯವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ, ಬದನೆಯಿಂದ, ಹಲಸಿನಿಂದ, ಕಳಲೆಯಿಂದ ಎಷ್ಟು ಬಗೆಯ ಅಡುಗೆ ಮಾಡಬಹುದೆಂದು ಅಲ್ಲಿ ನೋಡಬಹುದು. ನಮ್ಮ ಸಾಗರದ ಪಕ್ಕದ ಕೆಳದಿಯ ಅರಸ ಬಸವಪ್ಪನಾಯಕ 1709ರಲ್ಲಿ ಸಂಸ್ಕೃತದಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ ಎಂಬ ದೊಡ್ಡ ವಿಶ್ವಕೋಶದಲ್ಲೂ ಪಾಕದ ವಿಷಯ ಬರುತ್ತದೆ. ಇವುಗಳ ಬಗ್ಗೆ ನನಗೆ ತುಂಬ ಗೌರವ. ಆದರೆ ಇವು ಬಲ್ಲವರು ಬಲ್ಲವರಿಗೆ ಬರೆದ ಗ್ರಂಥಗಳು. ತುಪ್ಪ, ಇಂಗು, ಏಲಕ್ಕಿ ಕೈಗೆಟಕುವ ಅಡುಗೆಮನೆಯವು. ಆಷಾಢದ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೊರಗೆ ಕಾಲಿಡಲಾಗದ ಮಳೆಯಲ್ಲಿ ಅಟ್ಟದ ಏಣಿ ಹತ್ತಿ, ಇವತ್ತು ಯಾವ ಕಾಯಿ ಇಳಿಸಲಿ ಎಂದು ಅಂಗೈಯಿಂದ ತಟ್ಟಿ ನೋಡುವವಳ ಪ್ರಶ್ನೆ ಬೇರೆಯದು.

ಹಳೆಯ ಕಾಲದ ಅಡುಗೆಮನೆಯನ್ನು ಕಣ್ಣಾರೆ ನೋಡಬೇಕೆಂದರೆ ಭಾದ್ರಪದದ ಪಕ್ಷಮಾಸದಲ್ಲಿ ತಿಥಿಯ ಅಡುಗೆ ನೋಡಬೇಕು. ಹಿತ್ತಲು ತುಂಬಿ ತುಳುಕುವ ಹೊತ್ತಿಗೇ ಪಿತೃಪಕ್ಷ ಬರುತ್ತದೆ. ಹಾಗಲ, ಹೀರೆ, ಪಡುವಲ, ಬಾಳೆಕಾಯಿ, ಕೆಸುವಿನ ಗೆಡ್ಡೆ, ಬೂದುಗುಂಬಳ ಎಲ್ಲ ಎಲೆಯ ಮೇಲೆ ಬರುತ್ತವೆ. ಮೆಣಸಿನಕಾಯಿ ಬರುವುದಿಲ್ಲ, ಖಾರಕ್ಕೆ ಕಾಳುಮೆಣಸು. ಆಲೂಗಡ್ಡೆ, ಟೊಮೆಟೊ, ಎಲೆಕೋಸು ಒಲೆಯ ಹತ್ತಿರಕ್ಕೂ ಇಲ್ಲ. ಚಿಕ್ಕವಳಿದ್ದಾಗ ಇದನ್ನು ಮಡಿಯ ನಿಯಮ ಎಂದುಕೊಂಡಿದ್ದೆ. ಅದು ಮಡಿಯೂ ಹೌದು, ಜೊತೆಗೆ ಒಂದು ದಾಖಲೆಯೂ ಹೌದು. 1510ರಲ್ಲಿ ಪೋರ್ಚುಗೀಸರು ಗೋವೆಯಲ್ಲಿ ನೆಲೆಯೂರಿದ ಮೇಲೆ ಅಮೆರಿಕ ಖಂಡದ ಮೆಣಸಿನಕಾಯಿ, ಗೆಣಸು, ಸಿಹಿಗುಂಬಳ, ಗೋಡಂಬಿ ಒಂದೊಂದಾಗಿ ಕರಾವಳಿಯ ಬಂದರುಗಳಿಂದ ಘಟ್ಟ ಹತ್ತಿದವು. ನಮ್ಮ ಕೆಳದಿಯ ನಾಯಕರಿಗೂ ಪೋರ್ಚುಗೀಸರಿಗೂ ಜಗಳವೂ ಇತ್ತು, ಕಾಳುಮೆಣಸಿನ, ಅಕ್ಕಿಯ ವ್ಯಾಪಾರವೂ ಇತ್ತು. ಹೊಸ ಕಾಯಿಗಳು ದಿನದ ಅಡುಗೆಗೆ ಬೇಗ ಬಂದವು. ಪಿತೃಗಳ ಎಲೆಗೆ ಮಾತ್ರ ಬರಲಿಲ್ಲ. ಅಜ್ಜನ ಅಜ್ಜ ಏನು ಉಣ್ಣುತ್ತಿದ್ದನೋ ಅದನ್ನೇ ಬಡಿಸಬೇಕು ಎಂಬ ಹಟದಲ್ಲಿ ಐನೂರು ವರ್ಷ ಹಿಂದಿನ ತರಕಾರಿಯ ಪಟ್ಟಿ ನಮ್ಮ ಮನೆಗಳಲ್ಲಿ ಹಾಗೇ ಉಳಿದುಬಿಟ್ಟಿದೆ. ಸಿಹಿಗುಂಬಳದ ವಿಷಯದಲ್ಲಿ ಮನೆಯಿಂದ ಮನೆಗೆ ವ್ಯತ್ಯಾಸ ಕಂಡಿದ್ದೇನೆ. ನಮ್ಮಲ್ಲಿ ಅದಕ್ಕೆ ತಿಥಿಯ ದಿನ ಪ್ರವೇಶವಿಲ್ಲ. ಬೂದುಗುಂಬಳಕ್ಕೆ ಎಲ್ಲ ಕಡೆ ಮರ್ಯಾದೆ. ಚರಕಸಂಹಿತೆಯಲ್ಲಿ ಕೂಷ್ಮಾಂಡ ಎಂದು ಹೆಸರಿರುವ ಕಾಯಿ ಅದು.

ಹಾಗಾಗಿ ನಮ್ಮ ಅಟ್ಟದ ಮೇಲೆ ಎರಡು ಕಾಲದ ಕಾಯಿಗಳು ಅಕ್ಕಪಕ್ಕ ಕೂತಿರುತ್ತವೆ. ಬೂದುಗುಂಬಳ ಮತ್ತು ಮೊಗೆಕಾಯಿ ಈ ಕಡೆಯ ಹಳಬರು. ಘಟ್ಟದ ಕೆಳಗಿನವರು ಮೊಗೆಕಾಯಿಯನ್ನು ಬರೀ ಸೌತೆಕಾಯಿ ಎನ್ನುತ್ತಾರೆ, ಬೆಂಗಳೂರಿನ ಅಂಗಡಿಯಲ್ಲಿ ಅದು ಮಂಗಳೂರು ಸೌತೆ. ಸಿಹಿಗುಂಬಳ ಹೊಸಬ. ಆದರೂ ಇಟ್ಟುಕೊಳ್ಳುವ ವಿದ್ಯೆ ಮೂರಕ್ಕೂ ಒಂದೇ ಮೂಲದ್ದು. ಹಳೆಯ ಕಾಯಿಗೆ ಕಲಿತದ್ದನ್ನು ನಮ್ಮ ಹೆಂಗಸರು ಹೊಸ ಕಾಯಿಗೂ ಹೊಂದಿಸಿಕೊಂಡರು. ಅದಕ್ಕೆ ಯಾವ ಇಲಾಖೆಯೂ ಬಂದು ಪಾಠ ಹೇಳಲಿಲ್ಲ.

ವಿದ್ಯೆಯ ಮೊದಲ ಪಾಠ ಮಳೆಯ ನಕ್ಷತ್ರದ್ದು. ಜೂನ್ ಆರಂಭದಲ್ಲಿ ಸುಡುಮಣ್ಣು ಹಾಕಿದ ಗುಂಡಿಯಲ್ಲಿ ಬೀಜ ಊರಿ, ಬಳ್ಳಿಯನ್ನು ಬೇಲಿಗೋ ಚಪ್ಪರಕ್ಕೋ ಹತ್ತಿಸಿದರೆ ಸೆಪ್ಟೆಂಬರ್ ಕೊನೆಯ ಹಸ್ತ ಮಳೆಯ ಹೊತ್ತಿಗೆ ಕಾಯಿ ದಪ್ಪವಾಗಿರುತ್ತದೆ. ಆಗ ಕೊಯ್ದರೆ ಪಲ್ಯಕ್ಕೆ ಸರಿ, ಅಟ್ಟಕ್ಕಲ್ಲ. ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ ಹುಟ್ಟುತ್ತದೆ. ಬಿಸಿಲಿನ ನಡುವೆ ಇದ್ದಕ್ಕಿದ್ದಂತೆ ಬಡಿದು ಹೋಗುವ ಮಳೆ. ನೆನೆದ ಕಾಯಿ ಒಣಗುವಷ್ಟರಲ್ಲಿ ಮತ್ತೆ ನೆನೆಯುತ್ತದೆ, ತೊಟ್ಟಿನ ಬುಡದಲ್ಲಿ ನೀರು ನಿಲ್ಲುತ್ತದೆ, ಕೊಳೆ ಅಲ್ಲಿಂದಲೇ ಶುರು. ಸ್ವಾತಿ ಹುಟ್ಟಿ ನಾಲ್ಕಾರು ದಿನ ಒಣ ಬಿಸಿಲು ಬಿದ್ದು, ಬಳ್ಳಿಯ ಎಲೆ ಹಳದಿ ತಿರುಗಿ, ತೊಟ್ಟು ಕಟ್ಟಿಗೆಯಷ್ಟು ಗಟ್ಟಿಯಾದ ಮೇಲೆ ಕೊಯ್ಲು. ಅಷ್ಟು ಹೊತ್ತಿಗೆ ಬೂದುಗುಂಬಳದ ಮೈಮೇಲೆ ಬೂದಿ ದಟ್ಟವಾಗಿ ಕೂತಿರುತ್ತದೆ.

ಆ ಬೂದಿಯೇ ಆ ಕಾಯಿಯ ಕವಚ. ಅದು ಕಾಯಿಯೇ ಸುರಿಸಿಕೊಂಡ ಮೇಣ. ಒಳಗಿನ ನೀರು ಆರದಂತೆ, ಹೊರಗಿನ ತೇವ ಮೆತ್ತಿಕೊಳ್ಳದಂತೆ ತಡೆಯುತ್ತದೆ. ಕೊಯ್ಯುವಾಗ ನಾಲ್ಕು ಬೆರಳಷ್ಟು ತೊಟ್ಟು ಬಿಟ್ಟು ಕತ್ತಿಯಿಂದ ಕಡಿಯಬೇಕು, ತಿರುಚಿ ಕೀಳಬಾರದು. ತೊಟ್ಟು ಹಿಡಿದು ಎತ್ತಬಾರದು, ಎರಡು ಕೈಯನ್ನೂ ಅಡಿಗೆ ಕೊಡಬೇಕು. ಮೈ ಒರೆಸಬಾರದು, ತೊಳೆಯುವ ಮಾತಂತೂ ಇಲ್ಲವೇ ಇಲ್ಲ. ನನ್ನ ಅಜ್ಜಿ ನನ್ನ ಕೈಗೆ ಕಾಯಿ ಕೊಡುವಾಗಲೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: “ಕೂಸೇ, ತೊಟ್ಟು ಮುರಿಯಡ.” ತೊಟ್ಟು ಮುರಿದ ಕಾಯಿ, ಉಗುರು ತಾಗಿದ ಕಾಯಿ, ನೆಲಕ್ಕೆ ಬಿದ್ದು ಒಳಗೆ ಪೆಟ್ಟಾದ ಕಾಯಿ ಯಾವುದೂ ಅಟ್ಟ ಹತ್ತುತ್ತಿರಲಿಲ್ಲ. ಅವನ್ನೆಲ್ಲ ಅಡುಗೆಮನೆಯ ಮೂಲೆಗೆ ಬೇರೆ ಇಟ್ಟು ದೀಪಾವಳಿಯೊಳಗೆ ಮುಗಿಸುತ್ತಿದ್ದರು.

ಮೊಗೆಕಾಯಿಯ ರೀತಿ ಬೇರೆ. ಅದರ ಚರ್ಮ ತೆಳು, ಮೈಗೆ ಮೈ ತಾಗಿದರೆ ಒಂದರ ಕೊಳೆ ಇನ್ನೊಂದಕ್ಕೆ ಹತ್ತುತ್ತದೆ. ಅದಕ್ಕೆ ಅದನ್ನು ತೂಗುಹಾಕಬೇಕು. ಒಣಗಿದ ಬಾಳೆಪಟ್ಟೆಯನ್ನು ಸ್ವಲ್ಪ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಉದ್ದಕ್ಕೆ ಸೀಳಿ, ಕಾಯಿಯ ಕುತ್ತಿಗೆಗೆ ಒಂದು ಸುತ್ತು, ಹೊಟ್ಟೆಯ ಕೆಳಗೆ ಒಂದು ಸುತ್ತು ಕೊಟ್ಟು ಗಂಟು ಹಾಕುತ್ತಾರೆ. ಒಂದೇ ಪಟ್ಟೆಯ ಎರಡು ತುದಿಗೆ ಎರಡು ಕಾಯಿ. ಆ ಜೋಡಿಯನ್ನು ಅಡಿಕೆ ದಬ್ಬೆಯ ಮೇಲೋ ಬಿದಿರ ಗಳದ ಮೇಲೋ ಹಾಯಿಸಿದರೆ ತೂಕಕ್ಕೆ ತೂಕ ಸರಿಯಾಗಿ ನಿಲ್ಲುತ್ತದೆ. ಸುತ್ತ ಗಾಳಿ ಆಡುತ್ತದೆ. ಕೆಟ್ಟ ಕಾಯಿ ತಾನೊಂದೇ ಕೆಟ್ಟು ಬೀಳುತ್ತದೆ, ಪಕ್ಕದ್ದಕ್ಕೆ ತಾಗುವುದಿಲ್ಲ. ಸೆಣಬಿನ ಹುರಿಯಲ್ಲಿ ಕಟ್ಟಿದರೆ ಅದು ಚರ್ಮವನ್ನು ಕೊರೆಯುತ್ತದೆ. ಬಾಳೆಪಟ್ಟೆ ಅಗಲವಾಗಿ ಹಿಡಿದುಕೊಳ್ಳುತ್ತದೆ. ಈಗಿನ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದ ಕಾಯಿಗೆ ದಾರದ ಜಾಗದಲ್ಲೇ ಬೆವರು ಕೂತು ಕಪ್ಪಾಗುವುದನ್ನು ನೋಡಿದ್ದೇನೆ.

ಇಷ್ಟೆಲ್ಲ ಮಾಡಿದರೂ ಮನೆ ಸರಿಯಿಲ್ಲದಿದ್ದರೆ ಕಾಯಿ ಉಳಿಯುವುದಿಲ್ಲ. ಮಣ್ಣಿನ ಗೋಡೆ, ಇಳಿಜಾರು ಮಾಡು, ಹಲಗೆ ಅಥವಾ ದಬ್ಬೆ ಹಾಸಿದ ಅಟ್ಟ, ಕೆಳಗೆ ದಿನವಿಡೀ ಉರಿಯುವ ಒಲೆ. ಮಳೆಗಾಲದ ಮಲೆನಾಡಿನ ಗಾಳಿಯಲ್ಲಿ ಉಪ್ಪು ನೀರಾಗುತ್ತದೆ, ಬಟ್ಟೆ ವಾರವಾದರೂ ಒಣಗುವುದಿಲ್ಲ. ಆ ಗಾಳಿಯಲ್ಲಿ ಕಾಯಿ ತಿಂಗಳುಗಟ್ಟಲೆ ನಿಲ್ಲಬೇಕಾದರೆ ಒಲೆಯ ಬಿಸಿ ಮತ್ತು ಹೊಗೆ ಎರಡೂ ಬೇಕು. ಬಿಸಿ ತೇವವನ್ನು ಎಳೆಯುತ್ತದೆ, ಹೊಗೆ ಹುಳವನ್ನೂ ಬೂಸಲನ್ನೂ ದೂರವಿಡುತ್ತದೆ. ಅಟ್ಟದ ಮೇಲೆ ಯಾವ ಕಾಯಿ ಎಲ್ಲಿ ಎಂಬುದಕ್ಕೂ ಕ್ರಮವಿತ್ತು. ಒಲೆಯ ನೇರ ಮೇಲೆ ಬೀಜದ ಗಂಟು, ಒಣ ಮೆಣಸಿನಕಾಯಿ, ವಾಟೆಹುಳಿ. ಸ್ವಲ್ಪ ಆಚೆ ಮೊಗೆಕಾಯಿಯ ಸಾಲು. ಬಿಸಿ ಕಡಿಮೆ ಇರುವ ಅಂಚಿಗೆ, ಒಣಹುಲ್ಲಿನ ಮೇಲೆ ಬೂದುಗುಂಬಳ, ಒಂದರ ಮೇಲೊಂದು ಹೇರದೆ. 1623ರಲ್ಲಿ ಕೆಳದಿ ನಾಯಕರ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ನಮ್ಮವರು ಸಗಣಿ ಸಾರಿಸಿದ ನೆಲವನ್ನು ಬೆರಗಿನಿಂದ ನೋಡಿ ಬರೆದಿಟ್ಟಿದ್ದಾನೆ. ಅವನು ತಲೆಯೆತ್ತಿ ಮಾಡನ್ನೂ ಅಷ್ಟೇ ಆಸಕ್ತಿಯಿಂದ ನೋಡಿ ಬರೆದಿದ್ದರೆ ನಮಗೆ ಎಷ್ಟು ಉಪಕಾರವಾಗುತ್ತಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಗೆಡ್ಡೆಗಳಿಗೆ ಅಟ್ಟ ಬೇಡ, ಕತ್ತಲೆ ಬೇಕು. ಸುವರ್ಣಗೆಡ್ಡೆಯ ಎಲೆ ಒಣಗಿ ಬಿದ್ದ ಮೇಲೆ ಅಗೆದು, ಮಣ್ಣು ಉದುರಿಸಿ, ಕೊಟ್ಟಿಗೆಯ ಒಣ ಮೂಲೆಯಲ್ಲಿ ಹುಡಿಮಣ್ಣು ಬೂದಿಯ ನಡುವೆ ಇಡುತ್ತಾರೆ. ಅದು ಹಳತಾದಷ್ಟೂ ತುರಿಕೆ ಕಡಿಮೆ ಎಂದು ನಮ್ಮ ಕಡೆಯ ನಂಬಿಕೆ. ಗೆಣಸನ್ನು ಕಿತ್ತ ದಿನವೇ ಬೇಯಿಸುವವರಿಗೆ ಅದರ ಸಿಹಿ ಸಿಗುವುದಿಲ್ಲ. ನೆರಳಲ್ಲಿ ಹರಡಿ ಕೆಲವು ದಿನ ಬಿಡಬೇಕು. ಹಿಟ್ಟು ಒಳಗೊಳಗೇ ಸಕ್ಕರೆಯಾಗುತ್ತದೆ.

ಇನ್ನು ಭೂಮಿಹುಣ್ಣಿಮೆಯ ಮಾತು ಹೇಳದಿದ್ದರೆ ಈ ಚರಿತ್ರೆ ಅರ್ಧವೇ. ಆಶ್ವಯುಜದ ಹುಣ್ಣಿಮೆ, ಬಯಲುಸೀಮೆಯವರ ಸೀಗೆಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಬಸುರಿಗೆ ಬಯಕೆ ತೀರಿಸುವ ಹಾಗೆ ಭೂಮಿಗೆ ಉಣ್ಣಿಸಬೇಕು. ನಮ್ಮ ನೆರೆಯ ದೀವರ ಸಮುದಾಯದ ಮನೆಗಳಲ್ಲಿ ದಸರೆಯ ಹೊತ್ತಿಗೇ ಭೂಮಣ್ಣಿ ಬುಟ್ಟಿಯ ಕೆಲಸ ಶುರುವಾಗುತ್ತದೆ. ಒಂದು ದೊಡ್ಡ ಬುಟ್ಟಿ, ಒಂದು ಚಿಕ್ಕ ಬುಟ್ಟಿ. ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಎಳೆಗೆ ಎಳೆ ಸೇರಿ ಬರುವ ಆ ಗೆರೆಗಳನ್ನು ಈಗ ದೊಡ್ಡ ಊರುಗಳ ಪ್ರದರ್ಶನಗಳಲ್ಲೂ ಕಾಣಬಹುದು. ಆದರೆ ಬುಟ್ಟಿಯ ಹೊರಮೈ ನೋಡಿ ಮೆಚ್ಚುವವರು ಒಳಗೆ ಏನಿದೆ ಎಂದು ಕೇಳುವುದು ಕಡಿಮೆ. ನನಗೆ ಮುಖ್ಯವಾದದ್ದು ಒಳಗಿನದು.

ಹಿಂದಿನ ದಿನವೇ ಹೆಂಗಸರು ಹಿತ್ತಲು, ಬೇಲಿ, ಬೆಟ್ಟ ಸುತ್ತಿ ಸೊಪ್ಪು ಕುಡಿ ಕೀಳುತ್ತಾರೆ. ನೂರೊಂದು ಬಗೆ ಎನ್ನುವುದು ಮಾತಿನ ರೂಢಿ. ಸಿಕ್ಕಿದ್ದೆಲ್ಲ ಸೇರಬೇಕು ಎನ್ನುವುದು ಆಶಯ. ಹರಿವೆ, ಕೆಸು, ಕುಂಬಳದ ಕುಡಿ, ಹೀರೆಯ ಎಲೆ, ಹಾಗಲ, ಅಮಟೆಕಾಯಿ. ರಾತ್ರಿಯೆಲ್ಲ ಅಡುಗೆ. ಉಪ್ಪು ಖಾರದ ಹಂಗಿಲ್ಲದೆ ಸೊಪ್ಪು, ತರಕಾರಿ, ಅಕ್ಕಿ ಸೇರಿಸಿ ಬೇಯಿಸಿದ ಚರಗ ಭೂಮಿಗೆ. ಮನೆಯವರಿಗೆ ಕೊಟ್ಟೆಕಡುಬು, ಸೌತೆಕಾಯಿ ಕಡುಬು, ಚಿತ್ರಾನ್ನ, ಮೊಸರನ್ನ, ಅಮಟೆಕಾಯಿ ಹಾಕಿದ ಬೆರಕೆ ಪಲ್ಯ. ಅಮಟೆಯ ಹುಳಿಗೆ ರುಚಿಯ ಜೊತೆಗೆ ಇನ್ನೊಂದು ಕೆಲಸವೂ ಇದೆ. ಕೆಸುವಿನಲ್ಲಿ ಸೂಜಿಯಂಥ ಹರಳುಗಳಿವೆ, ಗಂಟಲು ಕೆರೆಯುವುದು ಅದರಿಂದ. ಚೆನ್ನಾಗಿ ಬೇಯಿಸಿ ಹುಳಿ ಹಾಕಿದರೆ ಕೆರೆತ ತಗ್ಗುತ್ತದೆ. ಬೆಳಕು ಹರಿಯುವ ಮೊದಲೇ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಕೂಗುತ್ತ ಚರಗವನ್ನು ಹಾಳಿಯ ಉದ್ದಕ್ಕೂ ಬೀರುತ್ತಾರೆ. ಬಿಸಿಲೇರಿದ ಮೇಲೆ ಇಡೀ ಮನೆ ಗದ್ದೆಗೆ ಬಂದು ಪೂಜೆ ಮಾಡಿ, ಕಾಗೆಗೆ ಎಡೆ ಇಟ್ಟು, ಅಲ್ಲೇ ಕೂತು ಉಣ್ಣುತ್ತದೆ. ಒಂದು ಕಡುಬನ್ನು ಗದ್ದೆಯ ಮಣ್ಣಲ್ಲಿ ಹುಗಿದು ಬರುವ ಪದ್ಧತಿಯೂ ನಮ್ಮ ಊರಲ್ಲಿದೆ.

ಈ ಹಬ್ಬವನ್ನು ನಾನು ಹಿತ್ತಲಿನ ವಾರ್ಷಿಕ ಗಣತಿ ಎಂದೇ ಓದುತ್ತೇನೆ. ಯಾವ ಸೊಪ್ಪು ಇನ್ನೂ ಬದುಕಿದೆ, ಯಾವ ಬಳ್ಳಿ ಈ ವರ್ಷ ಬೇಲಿಯಲ್ಲಿ ಕಾಣಲಿಲ್ಲ, ಯಾರ ಮನೆಯ ಬೀಜ ಕೈಕೊಟ್ಟಿತು ಎಲ್ಲ ಆ ಒಂದು ದಿನದ ಹುಡುಕಾಟದಲ್ಲಿ ಗೊತ್ತಾಗುತ್ತದೆ. ಬೀಜ ಕೇಳುವ ಮಾತುಕತೆಯೂ ಆಗಲೇ ನಡೆಯುತ್ತದೆ. ಹುಣ್ಣಿಮೆ ಕಳೆದ ಎರಡು ವಾರಕ್ಕೆ ದೀಪಾವಳಿ. ಅದರ ಹಿಂದಿನ ರಾತ್ರಿ ನಮ್ಮ ಕಡೆಯ ಹುಡುಗರಿಗೆ ಬೂರೆಗಳವು. ಯಾರದೋ ಬಳ್ಳಿಯ ಸೌತೆ, ಯಾರದೋ ಬಾಳೆಗೊನೆ ಕದ್ದರೂ ಆ ರಾತ್ರಿಗೆ ಕ್ಷಮೆ ಇತ್ತು. ಆದರೂ ಅಟ್ಟಕ್ಕೆಂದು ಗುರುತು ಮಾಡಿದ ಕಾಯಿಯನ್ನು ಅಜ್ಜಿ ಅಂದು ಸಂಜೆಯೇ ಒಳಗೆ ತರಿಸಿಬಿಡುತ್ತಿದ್ದಳು.

ದೀಪಾವಳಿಯ ನಂತರ ಉಣ್ಣುವ ಕ್ರಮ ಶುರು. ಹೀರೆ, ಬೆಂಡೆ, ಪಡುವಲ ಹಸಿಯಾಗಿಯೇ ಮುಗಿಯುತ್ತವೆ, ಇಡುವ ಜಾತಿಯವಲ್ಲ. ಹಾಗಲವನ್ನೂ ಗೋರಿಕಾಯಿಯನ್ನೂ ಮೆಣಸಿನಕಾಯಿಯನ್ನೂ ಮಜ್ಜಿಗೆ ಉಪ್ಪಿನಲ್ಲಿ ಅದ್ದಿ, ಕಾರ್ತಿಕದ ಬಿಸಿಲಲ್ಲಿ ಒಣಗಿಸಿ ಬಾಳಕ ಮಾಡುತ್ತಾರೆ. ಅಮಟೆಕಾಯಿ ಉಪ್ಪುನೀರಿನ ಭರಣಿಗೆ. ಸಿಹಿಗುಂಬಳ ಸಂಕ್ರಾಂತಿಯ ಹೊತ್ತಿಗೆ ಅರ್ಧ ಖಾಲಿ. ಮೊಗೆಕಾಯಿ ಯುಗಾದಿಯವರೆಗೆ ದಿನದ ಸಂಗಾತಿ. ಬೂದುಗುಂಬಳವನ್ನು ಮಾತ್ರ ಆದಷ್ಟು ಮುಟ್ಟುವುದಿಲ್ಲ, ಅದು ಮಳೆಗಾಲದ ಆಸ್ತಿ. ಮದುವೆ ಮುಂಜಿ ಬಂದರೆ ಒಂದೆರಡು ಇಳಿಯುತ್ತವೆ, ಬೇಸಿಗೆಯ ಸಂಡಿಗೆಗೆ ಒಂದೆರಡು. ಉಳಿದವು ಜ್ಯೇಷ್ಠಕ್ಕೆ ಕಾಯುತ್ತವೆ.

ಮೊಗೆಕಾಯಿಯಲ್ಲಿ ಎಸೆಯುವಂಥದ್ದು ಏನಿದೆ ಎಂದು ನಾನು ನನ್ನ ಸೊಸೆಯನ್ನು ಕೇಳಿದ್ದೆ. ಅವಳು ಯೋಚಿಸಿ “ತೊಟ್ಟು, ಅತ್ತೆ” ಎಂದಳು. ಸರಿಯಾದ ಉತ್ತರ. ಹೋಳು ಹುಳಿಗೆ. ಎಳೆಯದನ್ನು ಹೆಚ್ಚಿ ಮೊಸರು, ಸಾಸಿವೆ ಅರೆದು ಕೂಡಿಸಿದರೆ ಹಶಿ. ತುರಿದು ಅಕ್ಕಿಯ ಜೊತೆ ಅರೆದರೆ ತೆಳ್ಳೇವು ಎಂಬ ತೆಳು ದೋಸೆ, ಬೆಲ್ಲ ಸೇರಿಸಿ ಬಾಳೆಎಲೆಯಲ್ಲಿ ಬೇಯಿಸಿದರೆ ಕಡುಬು. ಸಿಪ್ಪೆಯನ್ನು ಹುರಿದು ಹುಣಸೆ, ಕಾಯಿತುರಿ ಹಾಕಿ ಬೀಸಿದರೆ ಚಟ್ನಿ. ಬೀಜ ಸುತ್ತಿದ ತಿರುಳನ್ನು ಅರೆದು ಸೋಸಿ, ಜೀರಿಗೆ ಮೆಣಸು ಹಾಕಿ ಕುದಿಸಿದರೆ ಸಾರು, ಜ್ವರ ಬಂದವರಿಗೂ ಹಿಡಿಸುವ ಸಾರು. ಬೂದುಗುಂಬಳದಲ್ಲೂ ಹಾಗೇ. ಮಜ್ಜಿಗೆಹುಳಿ, ಪಲ್ಯ, ತಿರುಳಿನ ದೋಸೆ, ಅರಳು ಸೇರಿಸಿದ ಸಂಡಿಗೆ, ಹಬ್ಬಕ್ಕೆ ಹಲ್ವ. ಈ ಅಡುಗೆಗಳನ್ನು ಬಡತನದ ಅಡುಗೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಕಾಯಿಯನ್ನು ಎಂಟು ತಿಂಗಳು ಕಾದವರು ಅದರ ಯಾವ ಭಾಗವನ್ನೂ ಬಿಡಲಾರರು.

ಬೂದುಗುಂಬಳ ಒಮ್ಮೆ ಒಡೆದರೆ ಎರಡು ಮೂರು ದಿನದಲ್ಲಿ ಮುಗಿಯಬೇಕು. ಎಂಟು ಹತ್ತು ಕಿಲೋದ ಕಾಯಿ ಎಷ್ಟು ದೊಡ್ಡ ಮನೆಗೂ ಹೆಚ್ಚೇ. ಅದಕ್ಕೇ ನಮ್ಮ ಕೇರಿಯಲ್ಲಿ ಒಡೆದ ದಿನವೇ ಹೋಳುಗಳು ಪಕ್ಕದ ಮನೆಗಳಿಗೆ ಹೋಗುತ್ತಿದ್ದವು. ಮುಂದಿನ ವಾರ ಅವರ ಅಟ್ಟದಿಂದ ನಮಗೆ. ಹೀಗೆ ಊರಿನ ಅಟ್ಟಗಳೆಲ್ಲ ಸರದಿಯ ಮೇಲೆ ಖಾಲಿಯಾಗುತ್ತಿದ್ದವು. ಇಡೀ ಕುಂಬಳಕ್ಕೆ ಹೆಂಗಸು ಮೊದಲ ಕತ್ತಿ ಹಾಕಬಾರದು, ಗಂಡಸು ಒಡೆದು ಕೊಡಬೇಕು ಎಂಬ ಕಟ್ಟಳೆಯೊಂದಿದೆ. ಕರ್ನಾಟಕದ ಬಹಳ ಕಡೆ ಇದೆ. ನವರಾತ್ರಿಯಲ್ಲಿ ಕುಂಬಳವನ್ನು ಬಲಿಯಾಗಿ ಒಡೆಯುವುದರ ನೆರಳು ಅದರ ಮೇಲೆ ಬಿದ್ದಿರಬೇಕು ಎಂದು ನನ್ನ ಊಹೆ. ಗಂಡಸರು ಊರಲ್ಲಿಲ್ಲದ ದಿನ ಅಮ್ಮ ನನ್ನ ಪುಟ್ಟ ತಮ್ಮನ ಕೈಯನ್ನು ಕತ್ತಿಗೆ ಮುಟ್ಟಿಸಿ, ತಾನೇ ಮೆಟ್ಟುಗತ್ತಿಗೆ ಕಾಯಿ ಒತ್ತುತ್ತಿದ್ದಳು. ಬಿತ್ತಿ, ನೀರುಣಿಸಿ, ಕಾದು, ಅಟ್ಟಕ್ಕೆ ಹೊತ್ತವಳು ಒಡೆಯಬಾರದು ಎನ್ನುವ ಕಟ್ಟಳೆಯನ್ನು ನಮ್ಮ ಮನೆಯಲ್ಲಿ ನಾನು ನಿಲ್ಲಿಸಿದ್ದೇನೆ.

ಅಮ್ಮನ ತವರು ಶರಾವತಿಯ ದಂಡೆಯಲ್ಲಿತ್ತು. 1940ರ ದಶಕದಲ್ಲಿ ಹಿರೇಭಾಸ್ಕರ ಕಟ್ಟೆ ಬಂದಾಗ ಒಂದಷ್ಟು ಊರು ಮುಳುಗಿದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದಾಗ ಹಿರೇಭಾಸ್ಕರ ಕಟ್ಟೆಯೇ ಮುಳುಗಿತು, ಕಣಿವೆಯ ಗದ್ದೆ, ತೋಟ, ಮನೆ ಎಲ್ಲ ಹೋದವು. ನಾಡಿಗೆ ವಿದ್ಯುತ್ತಿನ ಬೆಳಕು ಬಂತು. ನಮ್ಮವರ ಬಾಯಲ್ಲಿ ಅದು ಇವತ್ತಿಗೂ ‘ಮುಳುಗಡೆ’. ಪರಿಹಾರದ ಪಟ್ಟಿಯಲ್ಲಿ ಮನೆಗೆ ಇಷ್ಟು, ಮರಕ್ಕೆ ಇಷ್ಟು ಎಂದು ಬಂತೇ ಹೊರತು ತಲೆಮಾರುಗಳಿಂದ ಆರಿಸಿಕೊಂಡು 
ಬಂದ ಮೊಗೆಬೀಜಕ್ಕೆ ಅಲ್ಲಿ ಜಾಗವಿರಲಿಲ್ಲ. ಅದನ್ನು ಹೆಂಗಸರೇ ಉಳಿಸಿದರು. ಬೂದಿ ಬೆರೆಸಿದ ಬೀಜವನ್ನು ಸಗಣಿಯ ಬಿಲ್ಲೆಯೊಳಗೆ ಹುದುಗಿಸಿ ಗೋಡೆಗೆ ತಟ್ಟುವುದು ನಮ್ಮ ಕಡೆಯ ಹಳೆಯ ರೂಢಿ. ಹುಳ ಬರುವುದಿಲ್ಲ, ಮೊಳಕೆ ಕೆಡುವುದಿಲ್ಲ. ಅಮ್ಮನ ತವರಿನವರು ಮನೆ ಬಿಡುವಾಗ ಗೋಡೆಯಿಂದ ಆ ಬಿಲ್ಲೆಗಳನ್ನು ಕಿತ್ತು ಅಕ್ಕಿಯ ಮೂಟೆಯ ಜೊತೆಗೆ ಲಾರಿ ಹತ್ತಿಸಿದರು. ಹೊಸ ಊರಿನ ಮಣ್ಣು ಬೇರೆ, ಮಳೆ ಕಡಿಮೆ. ಆದರೂ ಬಳ್ಳಿ ಹಬ್ಬಿತು. ನಮ್ಮ ಮನೆಯಲ್ಲಿ ಈಗ ಇರುವ ಗಿಡ್ಡ ಕುತ್ತಿಗೆಯ, ದಟ್ಟ ಪಟ್ಟೆಯ ಮೊಗೆ ಅಮ್ಮ ಆ ತವರಿನಿಂದ ತಂದದ್ದು. ಅದು ಹುಟ್ಟಿದ ಹಿತ್ತಲು ನೀರಿನಡಿಯಲ್ಲಿದೆ.

ಮುಳುಗದ ಊರುಗಳಲ್ಲೂ ಅಟ್ಟ ಉಳಿಯಲಿಲ್ಲ. ಕಾರಣಗಳು ಒಂದರ ಹಿಂದೆ ಒಂದು ಬಂದವು. ಹೆಂಚಿನ ಮನೆ ಹೋಗಿ ತಾರಸಿ ಬಂತು. ಗ್ಯಾಸ್ ಬಂದು ಹೊಗೆ ನಿಂತಿತು. ಹೊಗೆಯಲ್ಲಿ ಕಣ್ಣು ಕಳೆದುಕೊಂಡ ಹೆಂಗಸರನ್ನು ನೋಡಿದ ನಾನು ಗ್ಯಾಸನ್ನು ದೂರುವವಳಲ್ಲ. ಕೂಡುಕುಟುಂಬ ಒಡೆದು ಮನೆಯಲ್ಲಿ ಇಬ್ಬರೋ ಮೂವರೋ ಉಳಿದಾಗ ಹತ್ತು ಕಿಲೋದ ಕಾಯಿ ಯಾರಿಗೆ ಬೇಕು? ಅಡಿಕೆಯ ಬೆಲೆ ಏರಿದಂತೆ ಗದ್ದೆಗಳು ತೋಟವಾದವು, ಹಿತ್ತಲಿಗೂ ಸಸಿ ಇಳಿಯಿತು. ಈಗ ಎಷ್ಟೋ ಮನೆಗಳಲ್ಲಿ ಭೂಮಿಹುಣ್ಣಿಮೆಯ ಪೂಜೆ ಅಡಿಕೆ ಮರದ ಬುಡದಲ್ಲಿ. ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಮಂಗಗಳದ್ದು. ಕಾಡಿನಲ್ಲಿ ಹಣ್ಣಿನ ಮರ ಕಡಿಮೆಯಾಗಿ ಅವು ಊರಿಗೆ ಬಂದವು. ಹಸ್ತ ಚಿತ್ತೆಯವರೆಗೆ ಬಳ್ಳಿಯಲ್ಲಿ ಕಾಯಿ ಉಳಿಸುವುದು ಈಗ ಅಟ್ಟದಲ್ಲಿ ಉಳಿಸುವುದಕ್ಕಿಂತ ಕಷ್ಟ. ತರಕಾರಿ ಬೆಳೆಯುವುದನ್ನು ಬಿಟ್ಟವರಲ್ಲಿ ಹೆಚ್ಚಿನವರು ಹೇಳುವ ಕಾರಣ ಇದೇ.

ಬೀಜದ ಕಡೆಯಿಂದ ಒಳ್ಳೆಯ ಕೆಲಸವೂ ನಡೆದಿದೆ. ಶಿರಸಿಯಲ್ಲಿ 2001ರಲ್ಲಿ ಶುರುವಾದ ‘ವನಸ್ತ್ರೀ’ ಎಂಬ ಹೆಂಗಸರ ಬಳಗ ಹಿತ್ತಲಿನ ಬೀಜ ಕೂಡಿಡುವುದನ್ನು, ಹಂಚುವುದನ್ನು ತನ್ನ ಕೆಲಸವಾಗಿ ಮಾಡಿಕೊಂಡಿತು. ಅವರು ನಡೆಸುವ ಮಲೆನಾಡು ಮೇಳದಲ್ಲಿ ಮೊಗೆ, ಹೀರೆ, ಅವರೆ, ಬೆಂಡೆಯ ತರತರದ ಬೀಜಗಳು ಹಳ್ಳಿಯ ಹೆಂಗಸರ ಕೈಯಿಂದಲೇ ಕೈ ಬದಲಾಗುತ್ತವೆ. ಆದರೆ ಬೀಜ ಉಳಿದರೆ ಇಡುವ ವಿದ್ಯೆ ತಾನಾಗಿ ಉಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಬಾಳೆಪಟ್ಟೆಯ ಗಂಟನ್ನು ಕೈ ಹಿಡಿದೇ ಕಲಿಸಬೇಕು. ಚಿತ್ತೆಗೂ ಸ್ವಾತಿಗೂ ಇರುವ ವ್ಯತ್ಯಾಸವನ್ನು ಒಂದು ಕಾಯಿ ಕೊಳೆತಾಗಲೇ ತೋರಿಸಬೇಕು.

ನಮ್ಮದೂ ಈಗ ತಾರಸಿಯ ಮನೆ. ಹಾಗಾಗಿ ಮೊಗೆಕಾಯಿಯನ್ನು ಅಡಿಕೆ ಬೇಯಿಸುವ ಮನೆಯ ಮಾಡಿನ ಕೆಳಗೆ ಕಟ್ಟುತ್ತೇವೆ. ಕಾರ್ತಿಕದಿಂದ ಪುಷ್ಯದವರೆಗೆ ಅಲ್ಲಿ ಹಂಡೆಯ ಒಲೆ ಉರಿಯುತ್ತದೆ, ಬಿಸಿ ಹೊಗೆ ಎರಡೂ ಸಿಗುತ್ತವೆ, ಅಡುಗೆಮನೆಯ ಹೆಂಗಸರ ಕಣ್ಣಿಗೆ ತೊಂದರೆಯಿಲ್ಲ. ಸುಗ್ಗಿ ಮುಗಿದು ಒಲೆ ಆರಿದ ಮೇಲೆ ಉಳಿದ ಕಾಯಿಗಳನ್ನು ಬಚ್ಚಲೊಲೆಯ ಮೇಲಿನ ನಾಗಂದಿಗೆಗೆ ಸಾಗಿಸುತ್ತೇವೆ. ಬಳ್ಳಿಗೆ ಮೀನುಬಲೆ ಹೊದೆಸಿ ಮಂಗನಿಂದ ಒಂದಷ್ಟು ಉಳಿಸಿಕೊಂಡಿದ್ದೇವೆ. ಮೊಗೆ ಹೀಗೆ ಯುಗಾದಿ ದಾಟುತ್ತದೆ. ಬೂದುಗುಂಬಳ ಜ್ಯೇಷ್ಠದವರೆಗೆ ಬರುತ್ತದೆ, ಆಷಾಢಕ್ಕೆ ತೊಟ್ಟಿನ ಹತ್ತಿರ ಮೆತ್ತಗಾಗುತ್ತದೆ. ಒಲೆಯ ಬಿಸಿ ದಿನಾ ಸಿಗದ್ದೇ ಅದಕ್ಕೆ ಕಾರಣವೆಂದು ನಾನು ಹೇಳುತ್ತೇನೆ, ತಾರಸಿಯ ಕೆಳಗೆ ಗಾಳಿ ಆಡದ್ದು ಕಾರಣವೆಂದು ಸೊಸೆ ಹೇಳುತ್ತಾಳೆ. ಈ ಸಲ ಸ್ವಾತಿ ಕಳೆದ ಮೇಲೆ ಅರ್ಧ ಕಾಯಿಗಳನ್ನು ಅವಳು ಹೇಳಿದ ಹಾಗೆ ಕಿಟಕಿಯ ಪಕ್ಕದ ಬಿದಿರ ತಟ್ಟಿಯ ಮೇಲೆ ಇಡುವುದೆಂದು ಮಾತಾಗಿದೆ.